ಕೋವಿ ಕೆಳಗಿಟ್ಟ ಅಪ್ಪಯ್ಯ ಈಗ ಅಟ್ಟದ ಕಬ್ಬೆಕ್ಕಿಗೆ ಕಾವಲು: ನಿಮ್ಮ ಮನೆಯ ಹಳೇ ಷಿಕಾರಿಗಳೂ ಹೀಗೆ ಬದಲಾಗಿದ್ದಾರಾ?

ಕಾನಂಚಿನ ಮನೆ, ತೀರ್ಥಹಳ್ಳಿ ತಾಲೂಕು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ನಮ್ಮ ಅಪ್ಪಯ್ಯನಿಗೆ ಈಗ 76. ನಾನು ಸಣ್ಣವನಿದ್ದಾಗ ನಮ್ಮ ಸೀಮೆಯಲ್ಲಿ ಅವರ ಹೆಸರು ಹೇಳಿದರೆ ಜನಕ್ಕೆ ಮೊದಲು ನೆನಪಾಗ್ತಿದ್ದದ್ದು ಅವರ ಕೋವಿ. ಜೋಡು ನಳಿಗೆಯ ತೋಟಾ ಕೋವಿ, ಬೆಳೆ ಕಾಯೋದಕ್ಕೆ ಅಂತ ಅಜ್ಜ ತೆಗೆಸಿದ ಲೈಸೆನ್ಸು. ಹಂದಿ ಸೋವಿಗೆ, ಅಂದರೆ ಹಂದಿ ಎಬ್ಬಿಸಿ ಅಟ್ಟೋ ಬೇಟೆಗೆ ಹೊರಟರೆ ಯಾರು ಯಾವ ಬಿಲ್ಲಿಗೆ (ಕೋವಿ ಹಿಡಿದು ಕಾಯೋ ಜಾಗಕ್ಕೆ) ನಿಲ್ಲಬೇಕು ಅಂತ ಹೇಳ್ತಿದ್ದವರು ಅವರೇ. ಕಾಡುಕುರಿ, ಬರ್ಕ ಅನ್ನೋ ಪುಟ್ಟ ಜಿಂಕೆ, ಕಾಡುಕೋಳಿ, ಯಾವುದನ್ನೂ ಬಿಟ್ಟವರಲ್ಲ. ಕೋಳಿಗೂಡಿಗೆ ಬಾಯಿ ಹಾಕಿದ ಕಬ್ಬೆಕ್ಕನ್ನು (ಪುನುಗು ಬೆಕ್ಕಿನ ಜಾತಿಯದು) ಟಾರ್ಚ್ ಬೆಳಕಲ್ಲಿ ಉರುಳಿಸಿದ್ದನ್ನು ಬಾಗಿಲ ಸಂದಿಯಿಂದ ನೋಡಿದ್ದೇನೆ. ಬೆಳಿಗ್ಗೆ ಬಾಲ ಹಿಡಿದು ಎಳೆದುಕೊಂಡು ಹೋಗಿ ಗೊಬ್ಬರಗುಂಡಿಗೆ ಹಾಕಿದ್ದು ನಾನೇ.

ಈ ಬೇಸಿಗೆಯಲ್ಲಿ ನಮ್ಮ ಅಟ್ಟದಲ್ಲಿ ಒಂದು ಕಬ್ಬೆಕ್ಕು ಮರಿ ಹಾಕಿತು. ಅಡಿಕೆ ಮೂಟೆಗಳ ಹಿಂದೆ, ಹಳೇ ಕಂಬಳಿ ಸುತ್ತಿಟ್ಟಿದ್ದ ಜಾಗದಲ್ಲಿ, ಮೂರು ಮರಿ. ಗಂಧಸಾಲೆ ಅಕ್ಕಿ ಬೇಯುವಾಗ ಬರ್ತದಲ್ಲ, ಅಂಥದ್ದೇ ಒಂದು ವಾಸನೆ ಮೊದಲು ಬಂತು, ಆಮೇಲೆ ಉಚ್ಚೆ ನಾತ. ಕೆಲಸದವರಿಂದ ಓಡಿಸೋಣ ಅಂತ ನಾನು ಹೊರಟೆ. ಅಪ್ಪಯ್ಯ ಏಣಿಯನ್ನೇ ತೆಗೆದು ಕೊಟ್ಟಿಗೆಗೆ ಸಾಗಿಸಿದರು. ‘ಮರಿ ಮಾಡಿನ ಮೇಲೆ ಓಡಾಡೋ ಹಾಗೆ ಆಗ್ಲಿ, ಆಮೇಲೆ ಅದೇ ಕರ್ಕೊಂಡು ಹೋಗ್ತದೆ. ಅಲ್ಲಿವರೆಗೆ ಯಾರೂ ಹತ್ತಬೇಡಿ’ ಅಂದರು. ರಾತ್ರಿ ಎಂಟೂವರೆ ಹೊತ್ತಿಗೆ ಜಗುಲಿಯ ಲೈಟ್ ಆರಿಸಿ ಕೂರ್ತಾರೆ. ಹೆಂಚು ಟಿಕ್ ಅಂತದೆ. ‘ಅಗೋ, ಹೊರಟಿತು’ ಅಂತ ಪಿಸುಗುಡ್ತಾರೆ. ಹಂದಿ ಬರೋ ಸದ್ದಿಗೆ ಇಡೀ ರಾತ್ರಿ ಎಚ್ಚರ ಇರ್ತಿದ್ದ ಕಿವಿ ಅದು.

ನನಗೆ ಖುಷಿಯೂ ಆಗ್ತದೆ, ಅರ್ಥವೂ ಆಗೋದಿಲ್ಲ. ಕೇಳಿದರೆ ಅವರು ಹೇಳೋರಲ್ಲ. ಇದರ ಜೊತೆಗೆ ಒಂದು ಕಷ್ಟವೂ ಇದೆ. ದಿನಾ ಸಂಜೆ ಪೇರಲೆ ಮರದ ಬುಡದಲ್ಲಿ ಅದಕ್ಕೆ ಬಾಳೆಹಣ್ಣು ಇಡೋದಕ್ಕೆ ಶುರು ಮಾಡಿದ್ದಾರೆ. ಈಗ ಮಂಗಗಳು ವಾಸನೆ ಹಿಡಿದು ಅಂಗಳಕ್ಕೇ ಇಳೀತಾ ಇವೆ. ಏನು ಮಾಡೋದು? ನಿಮ್ಮ ಮನೆಗಳಲ್ಲೂ ಹೀಗೆ ಆಗಿದೆಯಾ?

ಮರಸಿಗೆ ಕೂತವ, ಹೊಸನಗರ

ತಮ್ಮಾ, ನನಗೆ 68. ನಿನ್ನ ಅಪ್ಪಯ್ಯ ಹೇಳದೇ ಇರೋದನ್ನು ನಾನು ಹೇಳಬಹುದೇನೋ ಅನ್ನಿಸಿ ಬರೀತಾ ಇದ್ದೇನೆ. ಮಾಡಿದ್ದು ತಪ್ಪು ಅಂತ ಮೊದಲೇ ಒಪ್ಪಿಕೊಳ್ತೇನೆ. ವನ್ಯಜೀವಿ ರಕ್ಷಣೆಯ ಕಾಯ್ದೆ 1972ರಲ್ಲೇ ಬಂದಿತ್ತು, ನಮ್ಮೂರ ಹಳುವಿಗೆ ಅದು ಬಂದು ಮುಟ್ಟೋದಕ್ಕೆ ಬಹಳ ವರ್ಷ ಹಿಡೀತು.

ಒಂದು ಫೆಬ್ರವರಿಯಲ್ಲಿ ಗೋಣಿ ಮರ ಹಣ್ಣು ಬಿಟ್ಟಿತ್ತು. ಮಂಗಟ್ಟೆ ಅನ್ನೋ ದೊಡ್ಡ ಕೊಕ್ಕಿನ ಹಕ್ಕಿಯ ಎಣ್ಣೆ ಗಂಟುನೋವಿಗೆ ಒಳ್ಳೇದು ಅಂತ ಯಾರೋ ಕೇಳಿದ್ದರು. ಹಣ್ಣು ತಿನ್ನೋದಕ್ಕೆ ಬಂದ ಒಂದು ಗಂಡು ಹಕ್ಕಿಗೆ ಚರೆ ಹೊಡೆದೆ. ಬಿದ್ದ ಹಕ್ಕಿ ಎತ್ತಿಕೊಂಡರೆ ಗಂಟಲ ಚೀಲ ಉಬ್ಬಿಕೊಂಡಿತ್ತು. ತಲೆ ಕೆಳಗೆ ಮಾಡಿದ್ದಕ್ಕೆ ಒಂದೊಂದೇ ಗೋಣಿಹಣ್ಣು ನನ್ನ ಕೈ ಮೇಲೆ ಬಿತ್ತು. ಹನ್ನೊಂದೋ ಹನ್ನೆರಡೋ. ಒಂದೂ ನುಜ್ಜಾಗಿರಲಿಲ್ಲ. ತಿಂದದ್ದಾದರೆ ಹೊಟ್ಟೆಗೆ ಹೋಗಬೇಕಿತ್ತು, ಇದು ಯಾಕೆ ಗಂಟಲಲ್ಲಿಟ್ಟುಕೊಂಡಿದೆ ಅಂತ ಆಗ ನನ್ನ ತಲೆಗೆ ಹೊಳೀಲಿಲ್ಲ.

ಆಮೇಲೆ ಜೇನು ಹುಡುಕಿಕೊಂಡು ಅದೇ ಕಾನಿಗೆ ಹೋದಾಗ ಒಂದು ನಂದಿ ಮರದ ಪೊಟರೆ ಕಂಡಿತು. ಬಾಯಿಗೆ ಹಿಕ್ಕೆ ಮೆತ್ತಿ ಮುಚ್ಚಿದೆ, ನಡುವೆ ಬೆರಳಗಲದ ಸೀಳು. ಜೊತೆಗಿದ್ದ ಜೇನು ಕೀಳುವ ಮುದುಕ ಹೇಳಿದ: ಹೆಣ್ಣು ಒಳಗೆ ಕೂತು ಬಾಗಿಲು ಹಾಕಿಕೊಳ್ತದೆ, ರೆಕ್ಕೆಯ ಗರಿ ಉದುರಿಸಿಕೊಳ್ತದೆ, ಮರಿ ಬಲಿಯೋವರೆಗೂ ಗಂಡು ತಂದುಕೊಟ್ಟ ಹಣ್ಣೇ ಗತಿ ಅಂತ. ಆ ಸೀಳಲ್ಲಿ ಕೊಕ್ಕು ಕಾಣಲಿಲ್ಲ, ಸದ್ದೂ ಇರಲಿಲ್ಲ. ನಾನು ಹೊಡೆದ ಗಂಡಿನ ಗೂಡೇ ಅದು ಅಂತ ಹೇಳೋದಕ್ಕಾಗೋದಿಲ್ಲ. ಆದರೆ ಅಂಥದ್ದೊಂದು ಗೂಡು ಎಲ್ಲೋ ಇತ್ತು ಅನ್ನೋದು ಖಂಡಿತ.

ಅವತ್ತೇ ಕೋವಿ ಬಿಟ್ಟೆ ಅಂದರೆ ಸುಳ್ಳಾಗ್ತದೆ. ಅದಾದ ಮೇಲೂ ಎಂಟು ವರ್ಷ ಹೊಡೆದಿದ್ದೇನೆ. ಮಂಗಟ್ಟೆ ಮಾತ್ರ ಹೊಡೀಲಿಲ್ಲ.

ಬಿಟ್ಟದ್ದು ಹೇಗೆ ಅಂದರೆ, ವಯಸ್ಸು. ಐವತ್ತು ದಾಟಿದ ಮೇಲೆ ಮಬ್ಬಿನಲ್ಲಿ ಗುರಿ ಸರಿಯಾಗಿ ಕೂರ್ತಿರಲಿಲ್ಲ. ಮೊದಲೆಲ್ಲ ಈಡು ಬಿದ್ದರೆ ಪ್ರಾಣಿ ಅಲ್ಲೇ ಕುಸೀತಿತ್ತು. ಈಗ ಹೊಟ್ಟೆಗೋ ಕಾಲಿಗೋ ತಾಗಿ ಓಡೋದು. ಕೊನೇ ಸಲ ಒಂದು ಕಾಡುಕುರಿ ಹಿಂದೆ ರಕ್ತ ನೋಡಿಕೊಂಡು ಬೆಳಗಿನವರೆಗೆ ನಡೆದೆ. ಎಲೆ ಮೇಲೆ ಒಂದು ಹನಿ, ಕಲ್ಲಿನ ಮೇಲೆ ಒಂದು ಹನಿ. ಹಳ್ಳದ ನೀರಿನ ಹತ್ತಿರ ಗುರುತು ಕಳೆದುಹೋಯ್ತು. ಅದು ಎಲ್ಲೋ ಹಳುವಿನಲ್ಲಿ ಕೂತು ಉಸಿರು ಬಿಡ್ತಾ ಇದೆ, ನನಗೆ ಸಿಗ್ತಾ ಇಲ್ಲ. ಅದಾಗಿ 17 ವರ್ಷ ಆಯ್ತು. ಮತ್ತೆ ಮರಸಿಗೆ, ಅಂದರೆ ಬೇಟೆಗೆ ಕಾದು ಕೂರೋ ಮರದ ಮೇಲಿನ ಅಟ್ಟಣಿಗೆಗೆ, ಹತ್ತಿಲ್ಲ.

ಸಾಗರದ ತೋಟದ ಸೊಸೆ

ಅಣ್ಣ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ಆದರೂ ನಾನು ಇನ್ನೊಂದು ಕಡೆಯದನ್ನು ಹೇಳಲೇಬೇಕು.

ನಮ್ಮ ಮಾವನವರೂ ಇಂಥವರೇ. ಅವರ ಬೇಟೆ ಕಾಲದಲ್ಲಿ ಅಪರಾತ್ರಿ ಹನ್ನೆರಡಕ್ಕೆ ಮಾಂಸ ತಂದು ಹಾಕಿದರೆ ಅತ್ತೆ ಎದ್ದು ಮಸಾಲೆ ಅರೀಬೇಕಿತ್ತಂತೆ. ಹೊಟ್ಟೆಯಲ್ಲಿ ಮರಿ ಇದ್ದ ಕಡವೆ ಬಂದ ದಿನ ಅತ್ತೆ ಊಟ ಮಾಡಲಿಲ್ಲವಂತೆ. ಯಾಕೆ ಅಂತ ಯಾರೂ ಕೇಳಲಿಲ್ಲವಂತೆ. ಈಗ ಮಾವನವರಿಗೆ ಕರುಣೆ ಬಂದಿದೆ, ಮಂಗಕ್ಕೆ ಅನ್ನ ಹಾಕ್ತಾರೆ. ಅಡಿಕೆಯ ಎಳೇ ಕಾಯಿ ಚೀಪಿ ಬಿಸಾಡಿದ್ದನ್ನು ಗುಡಿಸೋದು ನಾನು. ಏಲಕ್ಕಿ ಬೆಳೆಯೋದನ್ನೇ ಬಿಟ್ಟಾಯ್ತು, ಬಾಳೆ ಗೊನೆ ಒಂದೂ ಉಳಿಯೋದಿಲ್ಲ. ತೋಟದ ದುಡಿಮೆಯಿಂದ ಕೈ ತೊಳೆದುಕೊಂಡವರಿಗೆ ಕರುಣೆ ಸುಲಭ ಅಂತ ಎಷ್ಟೋ ಸಲ ಅನ್ನಿಸಿದೆ. ಇದನ್ನು ಮನೆಯಲ್ಲಿ ಹೇಳಿಲ್ಲ, ಇಲ್ಲಿ ಹೇಳ್ತಾ ಇದ್ದೇನೆ.

ಮತ್ತೆ ಕಾನಂಚಿನ ಮನೆಯವರೇ, ಮಂಗ ಅಂಗಳಕ್ಕೆ ಬರೋದನ್ನು ಹಗುರವಾಗಿ ತಗೋಬೇಡಿ. ಮಂಗನ ಕಾಯಿಲೆ ಹುಟ್ಟಿದ್ದು ನಮ್ಮ ಜಿಲ್ಲೆಯಲ್ಲೇ, 1957ರಲ್ಲಿ ಸೊರಬದ ಕ್ಯಾಸನೂರಲ್ಲಿ ಗೊತ್ತಾಯ್ತು. 2018-19ರಲ್ಲಿ ಅರಳಗೋಡಿನ ಕಡೆ ಎಷ್ಟು ಮನೆಯವರು ಅತ್ತರು ಅಂತ ನಾವು ಹತ್ತಿರದಿಂದ ನೋಡಿದವರು. ಹರಡೋದು ಉಣುಗು. ಮಂಗ ಸತ್ತು ಬಿದ್ದ ಕಡೆ ಅದರ ಮೈಮೇಲಿನ ಉಣುಗೆಲ್ಲ ನೆಲಕ್ಕಿಳೀತದೆ. ಅಲ್ಲಿ ದರಗು ಗುಡಿಸೋದಕ್ಕೆ ಹೋಗೋದು ಹೆಂಗಸರು. ನಿಮ್ಮ ಅಪ್ಪಯ್ಯನಿಗೆ ಇದನ್ನು ಸಮಾಧಾನದಲ್ಲಿ ಹೇಳಿ.

ಮರಸಿಗೆ ಕೂತವ, ಹೊಸನಗರ

ತಂಗೀ, ನೀನು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಮನೆಯಲ್ಲೂ ನನ್ನ ಹೆಂಡತಿ ಬರ್ಕದ ಮಾಂಸ ಮುಟ್ಟುತ್ತಿರಲಿಲ್ಲ. ಅದರ ಕಣ್ಣು ಮಗುವಿನ ಕಣ್ಣಿನ ಹಾಗೆ ಇರ್ತದೆ ಅಂತಿದ್ದಳು. ನಾನು ನಗ್ತಿದ್ದೆ. ನನಗೆ ಅರವತ್ತಕ್ಕೆ ಬಂದ ಬುದ್ಧಿ ಅವಳಿಗೆ ಇಪ್ಪತ್ತಕ್ಕೇ ಇತ್ತು.

ಕೊಪ್ಪದ ಕಾಫಿ ಗಿಡ

ಎಲ್ಲರೂ ಬದಲಾಗ್ತಾರೆ ಅನ್ನೋದನ್ನು ನಾನು ಒಪ್ಪೋದಿಲ್ಲ. ನನ್ನ ಸಂಬಂಧದಲ್ಲೇ ಒಬ್ಬರು 72ರವರು, ಕೈಲಾಗದಿದ್ದರೂ ಹುಡುಗರನ್ನು ಕೂರಿಸಿಕೊಂಡು ಉರುಳು ಹಾಕೋದು ಹೇಗೆ ಅಂತ ಹೇಳಿಕೊಡ್ತಾರೆ. ಬೈಕಿನ ಕ್ಲಚ್ ಕೇಬಲ್ ಇದ್ದರೆ ಸಾಕು. ಇನ್ನು ಬಿಟ್ಟವರಲ್ಲಿ ಎಷ್ಟು ಜನ ಹೆದರಿ ಬಿಟ್ಟರು? ತೋಟಾ ಸಿಗೋದು ಕಷ್ಟ, ಚುನಾವಣೆ ಬಂದಾಗೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು, ಸಿಕ್ಕಿಬಿದ್ದರೆ ಕೇಸು. ಹೆದರಿಕೆಯಿಂದ ಬಿಟ್ಟು ಆಮೇಲೆ ಕರುಣೆ ಅಂತ ಹೆಸರಿಟ್ಟುಕೊಂಡವರೂ ಇದ್ದಾರೆ.

ಹಿಂದಿನ ವರ್ಷ ನಮ್ಮ ತೋಟದ ಪಕ್ಕ ಯಾರೋ ಹಂದಿಗೆ ಅಂತ ಸಿಡಿಮದ್ದಿನ ಉಂಡೆ ಇಟ್ಟಿದ್ದರು. ಕಚ್ಚಿದ್ದು ನಮ್ಮ ಮನೆಯ ಗಬ್ಬದ ಹಸು. ದವಡೆ ಇರಲಿಲ್ಲ. ನೀರು ಕುಡಿಯೋದಕ್ಕೆ ಬಾನಿಗೆ ಮುಖ ಇಡ್ತಿತ್ತು, ನೀರು ಕೆಂಪಾಗ್ತಿತ್ತು, ಕುಡಿಯೋದಕ್ಕೆ ಆಗ್ತಿರಲಿಲ್ಲ. ಎರಡು ದಿನ. ಇಟ್ಟವರು ಮುದುಕರೋ ಹುಡುಗರೋ ಗೊತ್ತಿಲ್ಲ. ಇದನ್ನು ನೋಡಿದ ಮೇಲೆ ‘ವಯಸ್ಸಾದರೆ ಸರಿಹೋಗ್ತಾರೆ’ ಅಂತ ಕಾಯ್ತಾ ಕೂರೋ ತಾಳ್ಮೆ ನನಗಿಲ್ಲ.

ನವುಲೆ ಕಡೆಯವಳು, ಶಿವಮೊಗ್ಗ

ಹಸುವಿನ ವಿಷಯ ಓದಿ ತುಂಬಾ ಸಂಕಟ ಆಯ್ತು. ನೀವು ಹೇಳಿದ ಹಾಗೆ ಎಲ್ಲರಿಗೂ ಆಗೋದಿಲ್ಲ, ಆದರೆ ಇದು ನಮ್ಮೂರಿನ ನಾಲ್ಕು ಮನೆಯ ಕತೆ ಮಾತ್ರ ಅಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲಾ ಕ್ರಾಸ್‌ನಲ್ಲಿ ರಾಬರ್ಟ್ ಜಾಕ್ಸನ್ ಮತ್ತು ರಾಬರ್ಟ್ ನಾರ್ಟನ್ ಅನ್ನೋ ಇಬ್ಬರು ಪ್ರಾಧ್ಯಾಪಕರು ಸಾವಿರಕ್ಕೂ ಹೆಚ್ಚು ಬೇಟೆಗಾರರನ್ನು ಮಾತಾಡಿಸಿ, ಬೇಟೆಗಾರರು ಐದು ಹಂತ ದಾಟ್ತಾರೆ ಅಂತ ಗುರುತಿಸಿದ್ದರು. ಮೊದಲು ಈಡು ಹೊಡೆದರೆ ಸಾಕು. ಆಮೇಲೆ ಎಷ್ಟು ಹೊಡೆದೆ ಅನ್ನೋ ಲೆಕ್ಕ. ಆಮೇಲೆ ದೊಡ್ಡ ಕೊಂಬಿನದ್ದೇ ಬೇಕು. ನಾಲ್ಕನೇದು, ಹೊಡೆಯೋ ರೀತಿಯೇ ಮುಖ್ಯ, ಬಿಲ್ಲುಬಾಣದಂಥ ಕಷ್ಟದ ದಾರಿ. ಕೊನೇದು ಮಾಗೋದು: ಹೊಡೆಯದೇ ಮನೆಗೆ ಬಂದರೂ ಕಾಡಲ್ಲಿ ಇದ್ದದ್ದೇ ಸಂತೋಷ. ಅಲ್ಲಿ ಬೇಟೆಗೆ ಲೈಸೆನ್ಸು, ಋತು, ಮಿತಿ ಎಲ್ಲ ಇದೆ, ನಮ್ಮ ಹಾಗಲ್ಲ. ಆದರೆ ಮನುಷ್ಯರು ಅವರೇ ಅನ್ನಿಸ್ತದೆ.

ನಮ್ಮ ದೇಶದಲ್ಲೇ ನೋಡಿ. ಸಲೀಂ ಅಲಿ ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡು, ಅದನ್ನು ಹಿಡಿದುಕೊಂಡೇ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೆಟ್ಟಿಲು ಹತ್ತಿದ್ದರು. ಜಿಮ್ ಕಾರ್ಬೆಟ್ ಕೋವಿ ಹಿಡಿದ ಕೈಯಲ್ಲೇ ಕ್ಯಾಮೆರಾ ಹಿಡಿದರು. 1936ರಲ್ಲಿ ಕುಮಾವೂಂ ಕಡೆ ಆದ ರಾಷ್ಟ್ರೀಯ ಉದ್ಯಾನಕ್ಕೆ ಆಮೇಲೆ ಅವರ ಹೆಸರೇ ಬಂತು.

ಪ್ರಾಣಿಯನ್ನು ಅಷ್ಟು ಹತ್ತಿರದಿಂದ ಗಂಟೆಗಟ್ಟಲೆ ನೋಡಿದವರು ಬೇಟೆಗಾರರೇ. ಹೊಡೆಯೋ ಆಸೆ ಉದುರಿಹೋದ ಮೇಲೂ ನೋಡೋ ಅಭ್ಯಾಸ ಉಳೀತದೆ. ನನಗೆ ತೋಚೋದು ಇಷ್ಟು.

ಭೂಮಣ್ಣಿ ಬುಟ್ಟಿ, ಸೊರಬ

ನಮ್ಮ ಅಜ್ಜನೂ ಕೇಪಿನ ಕೋವಿ ಇಟ್ಟವರು. ಆದರೆ ಭೂಮಿ ಹುಣ್ಣಿಮೆಯ ಬೆಳಗಿನ ಜಾವ ಗದ್ದೆಗೆ ಚರಗ ಚೆಲ್ಲುವಾಗ ಕಾಗೆಗೊಂದು ಎಡೆ, ಇಲಿಗೊಂದು ಎಡೆ ಇಡೋರೂ ಅವರೇ. ಗದ್ದೆ ತಿನ್ನೋ ಇಲಿಗೆ ಎಡೆ ಯಾಕಜ್ಜ ಅಂತ ಕೇಳಿದ್ದೆ. ‘ಅದರ ಪಾಲು ಅದಕ್ಕೆ ಕೊಟ್ಟರೆ ನಮ್ಮ ಪಾಲು ಉಳಿಸ್ತದೆ ಮಗಾ’ ಅಂದಿದ್ದರು. ಬೇಟೆಯಲ್ಲೂ ನಾಯಿಗೊಂದು ಪಾಲು ಎತ್ತಿಟ್ಟೇ ಹಂಚ್ತಿದ್ದರು. ಹಾಗಾಗಿ ಮುಪ್ಪಿನಲ್ಲಿ ಹೊಸದಾಗಿ ಎಲ್ಲಿಂದಲೋ ಕರುಣೆ ಬಂತು ಅಂತ ನನಗೆ ಅನ್ನಿಸೋದಿಲ್ಲ. ಅದು ಒಳಗೇ ಇತ್ತು, ಕೋವಿಯ ಸದ್ದಿನಲ್ಲಿ ಕೇಳ್ತಿರಲಿಲ್ಲ.

ಮರಸಿಗೆ ಕೂತವ, ಹೊಸನಗರ

ಕೊಪ್ಪದವರೇ, ಹೆದರಿಕೆ ಇತ್ತು. ಇರಲಿಲ್ಲ ಅಂತ ಹೇಳೋದಿಲ್ಲ. ಹೆದರಿಕೆಗೆ ಕೋವಿ ಗೋಡೆಗೆ ತೂಗುಹಾಕಿದೆ ಅಂತಲೇ ಇಟ್ಟುಕೊಳ್ಳಿ. ಆದರೆ ನಮ್ಮ ಬಚ್ಚಲ ಹಿಂದಿನ ದರಗಿನಲ್ಲಿ ಕಾಡುಕೋಳಿ ಹೇಟೆ ಮೊಟ್ಟೆಗೆ ಕೂತಾಗ ಮೂರು ವಾರ ಆ ಕಡೆ ಯಾರನ್ನೂ ಬಿಡದೆ ಸುತ್ತಿಕೊಂಡು ಹೋದೆನಲ್ಲ, ಅದಕ್ಕೆ ಯಾವ ಕಾನೂನೂ ನನ್ನನ್ನು ದೂಡಿರಲಿಲ್ಲ.

ನಿಮ್ಮ ಹಸುವಿನ ಮಾತು ನಿನ್ನೆ ರಾತ್ರಿ ನಿದ್ದೆ ಕೊಡಲಿಲ್ಲ. ಸಿಡಿಮದ್ದು ಇಡೋದನ್ನು ನಾವು ಬೇಟೆ ಅಂತ ಯಾವತ್ತೂ ಕರೆದವರಲ್ಲ. ಆದರೆ ಹುಡುಗರು ಮಾಂಸದ ರುಚಿ ಕಲಿತದ್ದು ನಮ್ಮ ಎಲೆಯಲ್ಲೇ. ಅದರಿಂದ ನಾನು ನುಣುಚಿಕೊಳ್ಳೋ ಹಾಗಿಲ್ಲ.

ಹಳೇ ವಾಚರ್

ನಾನು ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕೆಲಸಕ್ಕೆ ಬರೋ ನಾಲ್ಕು ಮಾತು ಹೇಳ್ತೇನೆ.

ಬಾಳೆಹಣ್ಣು ಇಡೋದು ಇವತ್ತೇ ನಿಲ್ಲಿಸಿ. ಕಬ್ಬೆಕ್ಕಿಗೆ ಮಾಡಿದ ಉಪಕಾರ ಮಂಗಕ್ಕೆ ರೂಢಿಯಾಗ್ತದೆ. ನಾಳೆ ನೀವು ಇಡದಿದ್ದರೆ ಅಡಿಗೆ ಮನೆಗೇ ಬರ್ತವೆ, ಆಮೇಲೆ ಪಕ್ಕದ ಮನೆಯವರು ವಿಷ ಇಡ್ತಾರೆ. ಹಾಗೆ ಸತ್ತ ಮಂಗಗಳನ್ನು ನಾನು ಎತ್ತಿದ್ದೇನೆ. ಅದಕ್ಕೆ ಏನಾದರೂ ಮಾಡಲೇಬೇಕು ಅನ್ನಿಸಿದರೆ ತೋಟದಂಚಿನ ಬೈನೆ ಮರ, ಅತ್ತಿ ಮರ ಕಡೀಬೇಡಿ. ಬೈನೆ ಹಣ್ಣು ನಾವು ಮುಟ್ಟಿದರೆ ಮೈಯೆಲ್ಲ ತುರಿಕೆ, ಕಬ್ಬೆಕ್ಕಿಗೆ ಅದು ಹಬ್ಬದೂಟ. ಬೀಜವನ್ನೂ ಅದೇ ಹೊತ್ತು ಹಾಕ್ತದೆ. ಕಾನಿನಲ್ಲಿ ಬೈನೆ ಸಸಿ ನೆಟ್ಟವರನ್ನು ನಾನಂತೂ ಕಂಡಿಲ್ಲ.

ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೋ ಇಲಾಖೆಗೋ ತಿಳಿಸಿ.

ಕೋವಿ ಬೇಡ ಅಂತಾದರೆ ಮೂಲೆಯಲ್ಲಿಟ್ಟು ಮರೆಯಬೇಡಿ. ಠಾಣೆಗೆ ಒಪ್ಪಿಸಿ ರಸೀದಿ ತಗೊಂಡು, ಲೈಸೆನ್ಸು ರದ್ದು ಮಾಡಿ ಅಂತ ಜಿಲ್ಲಾಧಿಕಾರಿ ಕಚೇರಿಗೆ ಬರೆದುಕೊಡಿ.

ಕೊನೇ ಮಾತು ಅಪ್ಪಯ್ಯನವರಿಗೆ, ಹೊಸನಗರದವರಿಗೆ. ಉರುಳು ಹುಡುಕೋದರಲ್ಲಿ ಹೊಸ ಗಾರ್ಡುಗಳಿಗಿಂತ ಹಳೇ ಬೇಟೆಗಾರನ ಕಣ್ಣು ಚುರುಕು. ಬೇಲಿಯ ಯಾವ ಕಂಡಿಯಲ್ಲಿ ಪ್ರಾಣಿ ನುಗ್ಗುತ್ತದೆ, ಎಷ್ಟು ಎತ್ತರಕ್ಕೆ ತಂತಿ ಕಟ್ಟಿರ್ತಾರೆ ಅಂತ ಅವರಿಗೆ ನೋಡಿದ ಕೂಡಲೇ ಗೊತ್ತಾಗ್ತದೆ. ಹಂದಿಗೆ ಅಂತ ಹಾಕಿದ ಉರುಳಲ್ಲಿ ಚಿರತೆ ಸಿಕ್ಕಿ, ಬಿಡಿಸಿಕೊಳ್ಳೋದಕ್ಕೆ ಸುತ್ತಿ ಸುತ್ತಿ ಸೊಂಟ ಕೊಯ್ದುಕೊಂಡದ್ದನ್ನು ನೋಡಿದ್ದೇನೆ. ನಿಮ್ಮ ನಿಮ್ಮ ಬೇಲಿಯನ್ನಾದರೂ ವಾರಕ್ಕೊಮ್ಮೆ ನಡೆದು ನೋಡಿ. ಕಂಡರೆ ಇಲಾಖೆಗೆ ಹೇಳಿ. ಪ್ರಾಣಿ ಸಿಕ್ಕಿದ್ದರೆ ಮಾತ್ರ ಹತ್ತಿರ ಹೋಗಬೇಡಿ.

ಸಾಗರದ ತೋಟದ ಸೊಸೆ

ವಾಚರ್ ಅಣ್ಣ ಬರೆದದ್ದನ್ನು ಮಾವನವರಿಗೆ ಓದಿ ಹೇಳಿದೆ. ಅನ್ನ ಹಾಕೋದು ನಿಲ್ಲಿಸಿದ್ದಾರೆ. ಬೇಜಾರು ಮಾಡಿಕೊಂಡಿದ್ದಾರೆ, ಆದರೂ ನಿಲ್ಲಿಸಿದ್ದಾರೆ. ಸಂಜೆ ಹೊತ್ತು ಜಗುಲಿಯಲ್ಲಿ ಸುಮ್ಮನೆ ಕೂತಿದ್ದು ನೋಡಿ ನನಗೇ ಒಂಥರಾ ಆಯ್ತು. ಬಾವಿಕಟ್ಟೆಯ ಹತ್ತಿರ ಒಂದು ಮಣ್ಣಿನ ಅಗಲ ಬಾನಿಯಲ್ಲಿ ನೀರಿಟ್ಟುಕೊಟ್ಟೆ. ಪಿಕಳಾರ, ಮಡಿವಾಳ ಹಕ್ಕಿ ಬರ್ತಾ ಇವೆ. ನೀರು ಬದಲಾಯಿಸೋದು ಅವರ ಕೆಲಸ ಅಂತ ಹೇಳಿದ್ದೇನೆ.

ಕಾನಂಚಿನ ಮನೆ, ತೀರ್ಥಹಳ್ಳಿ ತಾಲೂಕು

ಎಲ್ಲರಿಗೂ ಕೈಮುಗೀತೇನೆ. ಇಷ್ಟು ದಿನ ಬರೆಯೋದಕ್ಕಾಗಲಿಲ್ಲ. ಅಪ್ಪಯ್ಯನ ಕಣ್ಣು ತೋರಿಸೋದಕ್ಕೆ ಶಿವಮೊಗ್ಗಕ್ಕೆ ಹೋಗಿದ್ದೆವು. ಬರುವಾಗ ಮಂಡಗದ್ದೆಯಲ್ಲಿ ಕಾರು ನಿಲ್ಲಿಸು ಅಂದರು. ತುಂಗೆ ತುಂಬಿ ಹರೀತಿತ್ತು, ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ ಗೂಡು. ಮಳೆ ಹನೀತಾ ಇದ್ದರೂ ಕೊಡೆ ಹಿಡಿದು ಅರ್ಧ ಗಂಟೆ ನಿಂತರು. ಆಪರೇಷನ್ ಆದ ಕಣ್ಣನ್ನು ಕೈಯಲ್ಲಿ ಮರೆ ಮಾಡಿಕೊಂಡು ಇನ್ನೊಂದರಲ್ಲಿ ನೋಡ್ತಿದ್ದರು.

ಅಲ್ಲೇ ಈ ಚರ್ಚೆಯನ್ನೆಲ್ಲ ಮೊಬೈಲಲ್ಲಿ ಓದಿ ಹೇಳಿದೆ. ಮಂಗಟ್ಟೆಯ ಮಾತು ಬಂದಾಗ ‘ನಿಲ್ಲಿಸು’ ಅಂದರು. ಸ್ವಲ್ಪ ಹೊತ್ತಾದ ಮೇಲೆ ‘ಹೂಂ, ಓದು’ ಅಂದರು. ಹೊಸನಗರದವರೇ, ನಿಮ್ಮನ್ನು ಒಂದು ಸಲ ಮನೆಗೆ ಬರಬೇಕಂತೆ.

ಬಾಳೆಹಣ್ಣು ನಿಂತಿದೆ. ಕೋವಿ ಠಾಣೆಯಲ್ಲಿದೆ, ರಸೀದಿ ದೇವರ ಮನೆಯ ಗೂಡಿನಲ್ಲಿದೆ. ಅಮ್ಮ ಅಲ್ಲೇ ಇಡು ಅಂದರು.

ಮೊನ್ನೆ ಮಳೆ ಹೊಳವಾದಾಗ ಅಪ್ಪಯ್ಯನ ಜೊತೆ ಕಾನಿನ ಕಡೆಯ ಬೇಲಿ ನೋಡೋದಕ್ಕೆ ಹೋದೆ. ನಾನು ಎರಡು ಸಲ ದಾಟಿಹೋಗಿದ್ದ ಜಾಗದಲ್ಲಿ ಅವರು ಊರುಗೋಲು ಊರಿ ನಿಂತರು. ಲಂಟಾನದ ಒಂದು ಕೊಂಬೆ ಬಾಗಿತ್ತು, ಅಷ್ಟೇ. ‘ಇದು ತಾನಾಗಿ ಬಾಗಿದ್ದಲ್ಲ’ ಅಂದರು. ಬಗ್ಗಿ ನೋಡಿದರೆ ನನ್ನ ಮೊಣಕಾಲೆತ್ತರಕ್ಕೆ ಕೇಬಲ್ಲು, ಹೊಳೆಯದ ಹಾಗೆ ಕೆಸರು ಬಳಿದಿತ್ತು. ಕುಣಿಕೆಯೊಳಗೆ ಏನೂ ಸಿಕ್ಕಿರಲಿಲ್ಲ. ನಾನು ಫೋಟೋ ತೆಗೆದು ಗಾರ್ಡಿಗೆ ಫೋನ್ ಮಾಡ್ತಿದ್ದೆ, ಅಷ್ಟರಲ್ಲಿ ಅವರು ಅಲ್ಲೇ ಕೂತು, ನಡುಗೋ ಬೆರಳಲ್ಲಿ ಕುಣಿಕೆಯ ಗಂಟನ್ನು ಸಡಿಲ ಮಾಡ್ತಾ ಇದ್ದರು. ಗಂಟು ನೋಡಿಯೇ ಯಾರು ಕಟ್ಟಿದ್ದು ಅಂತ ಅವರಿಗೆ ಗೊತ್ತಾದ ಹಾಗಿತ್ತು. ಕೇಳಿದೆ. ‘ನಾನೇ ಕಲಿಸಿದ್ದು’ ಅಂದರು. ನಾಳೆ ಆ ಹುಡುಗನ ಮನೆಗೆ ಹೋಗ್ತಾರಂತೆ. ನನ್ನನ್ನು ಬರಬೇಡ ಅಂದಿದ್ದಾರೆ.

ಕಬ್ಬೆಕ್ಕು ಮರಿ ಕರೆದುಕೊಂಡು ಹೋಗಿ ತುಂಬಾ ದಿನ ಆಯ್ತು. ಏಣಿ ಇನ್ನೂ ಕೊಟ್ಟಿಗೆಯಲ್ಲೇ ಇದೆ.